ಮಣ್ಣು ತಿನ್ನುವ ಆಸೆ ಯಾಕೆ?

ನಿಮ್ಮ ಮನೆಯಲ್ಲಿ ಯಾರಾದರೂ ಕದ್ದು ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ಇಲ್ಲವೇ ಫ್ರಿಜ್ಜಿನ ಐಸ್ ತಿನ್ನುತ್ತಾರೆಯೇ? ಹಾಗಿದ್ದರೆ ಗದರಿಸುವ ಮೊದಲು ಇದನ್ನೊಮ್ಮೆ ಓದಿ.

ಬಳ್ಳಾರಿಯಲ್ಲಿ ನಾನು ಪಾಠ ಹೇಳುವ ಹುಡುಗಿಯರಲ್ಲಿ ಸಿರುಗುಪ್ಪದವರೂ ಕುರುಗೋಡಿನವರೂ ಇದ್ದಾರೆ. ಸಿರುಗುಪ್ಪ ಭತ್ತದ ಸೀಮೆ. ಅಲ್ಲಿ ಅಕ್ಕಿ ಆರಿಸುತ್ತಾ ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಯಾರೂ ಗಮನಿಸುವುದಿಲ್ಲ. ಕುರುಗೋಡಿನ ಹುಡುಗಿಯೊಬ್ಬಳು ಮಾತ್ರ ಗೋಡೆಯ ಮಣ್ಣನ್ನೇ ಕೆರೆದು ತಿನ್ನುತ್ತಿದ್ದಳು. ಮನೆಯವರು ಹೊಡೆದರು, ತಾಯಿತ ಕಟ್ಟಿಸಿದರು. ಸುದ್ದಿ ಹಬ್ಬಿ, ಬಂದ ಸಂಬಂಧವೂ ತಪ್ಪಿಹೋಯಿತು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ, 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 7 ಇತ್ತು. ಕಬ್ಬಿಣದ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಮಣ್ಣಿನ ಆಸೆ ಹೋಯಿತು.

ವೈದ್ಯರು ಇದಕ್ಕೆ ಪೈಕಾ ಎನ್ನುತ್ತಾರೆ. ಆಹಾರ ಸೇವನೆಗೆ ಸಂಬಂಧಿಸಿದ ಕಾಯಿಲೆಗಳಲ್ಲಿ ಇದೂ ಒಂದು. ಹಿಂದಿನವರಿಗೂ ಇದು ಗೊತ್ತಿತ್ತು. ಚರಕ ಸಂಹಿತೆಯು ಮಣ್ಣು ತಿನ್ನುವುದರಿಂದ ಬರುವ ಪಾಂಡುರೋಗವನ್ನು ಬೇರೆಯಾಗಿಯೇ ಹೆಸರಿಸಿದೆ. ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ಇದಕ್ಕೆ ಕಬ್ಬಿಣದ ಚಿಕಿತ್ಸೆ ಸೂಚಿಸಿದ್ದರು. 1970ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ರಕ್ತ ತೆಗೆದು ರಕ್ತಹೀನಗೊಳಿಸಿದ ಇಲಿಗಳು ನೀರಿಗಿಂತ ಐಸನ್ನೇ ಹೆಚ್ಚು ಬಯಸಿದವು. ಆ ಇಲಿಗಳಿಗೆ ಯಾರು ಮಾಟ ಮಾಡಿದ್ದರು, ಹೇಳಿ?

ಕಬ್ಬಿಣ ರಕ್ತಕ್ಕಷ್ಟೇ ಅಲ್ಲ, ಮೆದುಳಿಗೂ ಬೇಕು. ಆಸೆ, ತೃಪ್ತಿಗಳಲ್ಲಿ ಪಾತ್ರ ವಹಿಸುವ ಡೋಪಮೈನ್ ಎಂಬ ರಾಸಾಯನಿಕ ತಯಾರಾಗಲು ಕಬ್ಬಿಣ ಅಗತ್ಯ. ಆದರೆ ಅದರ ಕೊರತೆಯಿಂದ ಮಣ್ಣಿನ ಬಯಕೆ ಹೇಗೆ ಹುಟ್ಟುತ್ತದೆ ಎಂಬ ಬಗ್ಗೆ ಸಂಶೋಧನೆ ಇನ್ನೂ ನಡೆದಿದೆ. ಎಲ್ಲರಲ್ಲೂ ಇದೇ ಕಾರಣ ಎನ್ನಲಾಗದು. ಆದ್ದರಿಂದಲೇ ಪರೀಕ್ಷೆ ಬೇಕು.

ಮಣ್ಣು ತಿಂದರೆ ಕಬ್ಬಿಣ ಸಿಗುತ್ತದೆಂದು ಭಾವಿಸಬೇಡಿ. ಜೇಡಿಮಣ್ಣು ಆಹಾರದ ಕಬ್ಬಿಣವನ್ನೂ ದೇಹ ಹೀರಿಕೊಳ್ಳದಂತೆ ತಡೆಯಬಹುದು. ಜೊತೆಗೆ ಹುಳುಗಳ ಮೊಟ್ಟೆಗಳೂ ಹೊಟ್ಟೆ ಸೇರುತ್ತವೆ.

ನಮ್ಮ ಜಿಲ್ಲೆಯ ಸಂಡೂರಿನ ಬೆಟ್ಟಗಳ ತುಂಬ ಕಬ್ಬಿಣದ ಅದಿರಿದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ!

ಆದ್ದರಿಂದ ಸಹೋದರಿಯರೇ, ಗರ್ಭಿಣಿ ಸೊಸೆ ಮಣ್ಣು ಬಯಸಿದರೆ 'ಬಯಕೆ' ಎಂದು ನಕ್ಕು ಸುಮ್ಮನಾಗಬೇಡಿ, ಮಗಳು ತಿಂದರೆ ಹೊಡೆಯಬೇಡಿ. ಸರಕಾರಿ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿಸಬೇಡಿ, ನಿಂಬೆ ಪಾನಕ ಕೊಡಿ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಆಸೆ ಹೋಯಿತೆಂದು ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸಲೂ ಬೇಡಿ.