ಸೀಸೆಯ ಮೇಲಿನ ಚೀಟಿ

ಮೊಹರು ಮಾಡಿದ ಡಬ್ಬಿಯ ಒಳಗೇನಿದೆಯೆಂಬುದನ್ನು ಗಿರಾಕಿಯು ಕಣ್ಣಿನಿಂದ ಕಾಣಲಾರ. ಅವನು ಚೀಟಿಯನ್ನು ನಂಬುತ್ತಾನೆ. ಆ ಚೀಟಿ ಸುಳ್ಳಾದರೆ ತೂಕ, ಅಳತೆ, ಲೆಕ್ಕ ಎಲ್ಲವೂ ಸರಿಯಿದ್ದರೂ ವ್ಯವಹಾರ ಸುಳ್ಳೇ. ಅಂಗಡಿಯ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ತಿಳಿದಿರುವ ಈ ಸತ್ಯವು, ಒಂದು ಮಾದಕ ದ್ರವ್ಯದ ಸಂಶೋಧನೆಯಲ್ಲಿ ವಿದ್ವಾಂಸರಿಗೂ ಕಹಿ ಪಾಠವಾಗಿ ಪರಿಣಮಿಸಿತು.

ಎಂಡಿಎಂಎ ಎಂಬ ರಾಸಾಯನಿಕವನ್ನು ಜರ್ಮನಿಯ ಮೆರ್ಕ್ ಸಂಸ್ಥೆಯು 1912ರಲ್ಲಿ ತಯಾರಿಸಿತು. ದಶಕಗಳ ಕಾಲ ಅದನ್ನು ಕೇಳುವವರಿರಲಿಲ್ಲ. 1980ರ ದಶಕದಲ್ಲಿ ‘ಎಕ್ಸ್‌ಟಸಿ’ ಎಂಬ ಹೆಸರಿನಿಂದ ಅದು ಪಾಶ್ಚಾತ್ಯ ತರುಣರ ನೃತ್ಯಕೂಟಗಳನ್ನು ಹೊಕ್ಕಿತು. ಅಮೆರಿಕವು 1985ರಲ್ಲಿ ಅದನ್ನು ನಿಷೇಧಿಸಿತು.

ಈ ಗುಳಿಗೆ ಕೊಡುವ ಉಲ್ಲಾಸದ ಮೂಲ ಬಹುಮಟ್ಟಿಗೆ ಮಿದುಳಿನಲ್ಲಿಯೇ ಇದೆ. ಆಹಾರದಿಂದ ಬರುವ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲದಿಂದ ಕೆಲವು ನರಕೋಶಗಳು ಸೆರೋಟೋನಿನ್ ಎಂಬ ದ್ರವ್ಯವನ್ನು ತಯಾರಿಸಿ ಸಂಗ್ರಹಿಸಿಡುತ್ತವೆ. ನಿದ್ರೆ, ಹಸಿವು, ಮನಸ್ಸಿನ ಸಮಸ್ಥಿತಿ ಇವುಗಳಿಗೆ ಅದು ಬೇಕು. ನರಕೋಶವು ಅದನ್ನು ಮಿತವಾಗಿ ಹೊರಬಿಟ್ಟು, ಕೆಲಸವಾದ ಮೇಲೆ ಒಂದು ಸಾಗಣೆ ಪ್ರೋಟೀನಿನ ಮೂಲಕ ಮರಳಿ ಒಳಗೆ ಸೆಳೆದುಕೊಳ್ಳುತ್ತದೆ. ಎಂಡಿಎಂಎ ಈ ಸಾಗಣೆಯನ್ನೇ ಹಿಮ್ಮುಖಗೊಳಿಸುತ್ತದೆ. ಉಗ್ರಾಣದ ದಾಸ್ತಾನು ಕೆಲವೇ ಗಂಟೆಗಳಲ್ಲಿ ಹೊರಗೆ ಸುರಿಯುತ್ತದೆ. ಹೊಸದಾಗಿ ತಯಾರಿಸುವ ಕಿಣ್ವವೂ ಕುಂಠಿತವಾಗುವುದು ಪ್ರಾಣಿಗಳಲ್ಲಿ ಕಂಡುಬಂದಿದೆ. ಆ ರಾತ್ರಿಯ ಸುಖವು ಗಳಿಕೆಯಲ್ಲ, ಮೂಲಧನವನ್ನು ಕರಗಿಸಿ ಮಾಡಿದ ಖರ್ಚು.

ಬರಿದಾದ ಉಗ್ರಾಣ ಮತ್ತೆ ತುಂಬುವುದೇ? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜಾರ್ಜ್ ರಿಕಾರ್ಟೆ ಮತ್ತು ಸಂಗಡಿಗರು ಈ ಪ್ರಶ್ನೆಯ ಬೆನ್ನುಹತ್ತಿದ್ದರು. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 5 ಮಿಲಿಗ್ರಾಮಿನಂತೆ ದಿನಕ್ಕೆರಡು ಬಾರಿ, ಕೇವಲ ನಾಲ್ಕು ದಿನ ಎಂಡಿಎಂಎ ಪಡೆದ ಕೋತಿಗಳ ಮಿದುಳಿನಲ್ಲಿ, ಏಳು ವರ್ಷಗಳ ನಂತರವೂ ಸೆರೋಟೋನಿನ್ ತಂತುಗಳು ಕೆಲವು ಭಾಗಗಳಲ್ಲಿ ವಿರಳವಾಗಿದ್ದವೆಂದು 1999ರಲ್ಲಿ ಅವರು ಪ್ರಕಟಿಸಿದರು. ಆ ಪ್ರಮಾಣವು ಮನುಷ್ಯರು ಸಾಮಾನ್ಯವಾಗಿ ಸೇವಿಸುವುದಕ್ಕಿಂತ ಹೆಚ್ಚಿನದು ಎಂಬ ಆಕ್ಷೇಪವಿದ್ದರೂ ಅದು ಗಂಭೀರವಾದ ಎಚ್ಚರಿಕೆಯೇ ಆಗಿತ್ತು.

2002ರ ಸೆಪ್ಟೆಂಬರಿನಲ್ಲಿ ಅದೇ ಪ್ರಯೋಗಾಲಯದಿಂದ ಇನ್ನೂ ಭೀಕರವಾದ ವರದಿಯೊಂದು ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತು. ಒಂದೇ ರಾತ್ರಿಯ ಸೇವನೆಗೆ ಸಮನಾದ ಮೂರು ಪ್ರಮಾಣಗಳು ಡೋಪಮಿನ್ ನರತಂತುಗಳನ್ನೂ ನಾಶಪಡಿಸುತ್ತವೆ, ಮುಂದೆ ಪಾರ್ಕಿನ್ಸನ್ ರೋಗದಂತಹ ವ್ಯಾಧಿಗೆ ದಾರಿಯಾಗಬಹುದು ಎಂಬುದು ಅದರ ಸಾರ. ಪ್ರಯೋಗದಲ್ಲಿ ಎರಡು ಪ್ರಾಣಿಗಳು ಸತ್ತಿದ್ದವು. ವೃತ್ತಪತ್ರಿಕೆಗಳು ಸುದ್ದಿಯನ್ನು ಎತ್ತಿ ಸಾರಿದವು. ಸಾಮಾನ್ಯ ಪ್ರಮಾಣವೇ ಇಷ್ಟು ಮಾರಕವಾಗಿದ್ದರೆ ಸೇವಿಸುವವರು ಹಿಂಡುಹಿಂಡಾಗಿ ಏಕೆ ಸಾಯುತ್ತಿಲ್ಲ ಎಂದು ಕೆಲವು ವಿಜ್ಞಾನಿಗಳು ಆಗಲೇ ಪ್ರಶ್ನಿಸಿದ್ದರು.

ಆ ಫಲಿತಾಂಶವನ್ನು ಮತ್ತೆ ಪಡೆಯಲು ಹೋದಾಗ ಸಂಶೋಧಕರಿಗೇ ಅದು ಸಿಗಲಿಲ್ಲ. ಕಾರಣವನ್ನು ಹುಡುಕುತ್ತ, ಸತ್ತ ಪ್ರಾಣಿಗಳ ಶೀತಲೀಕರಿಸಿಟ್ಟಿದ್ದ ಮಿದುಳನ್ನು ಪರೀಕ್ಷಿಸಿದರು. ಅಲ್ಲಿದ್ದುದು ಎಂಡಿಎಂಎ ಅಲ್ಲ, ಮೆಥಾಂಫೆಟಮಿನ್! ಸೀಸೆಗಳ ಚೀಟಿ ಅದಲುಬದಲಾಗಿತ್ತು. ಒಂದು ಪ್ರಾಣಿಯನ್ನುಳಿದು ಮಿಕ್ಕವುಗಳಿಗೆಲ್ಲ ಬೇರೆಯ ದ್ರವ್ಯವನ್ನೇ ಚುಚ್ಚಲಾಗಿತ್ತು. 2003ರ ಸೆಪ್ಟೆಂಬರಿನಲ್ಲಿ ಅವರು ಲೇಖನವನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಆ ಮೂಕಪ್ರಾಣಿಗಳು ಅನುಭವಿಸಿದ ಯಾತನೆಯನ್ನು ಮಾತ್ರ ಯಾರೂ ಹಿಂತೆಗೆದುಕೊಳ್ಳಲಾಗಲಿಲ್ಲ. ಅದು ಪ್ರಮಾದವೇ ಇರಬಹುದು, ವಂಚನೆಯಲ್ಲ; ಆದರೆ ಪ್ರಮಾದಕ್ಕೂ ಬೆಲೆ ತೆರುವವರು ಇದ್ದೇ ಇರುತ್ತಾರೆ.

ಇನ್ನೊಂದು ಬೆಲೆಯನ್ನು ತೆತ್ತವರು ತರುಣರು. ‘ಇವರು ಹೆದರಿಸಲು ಹೇಳಿದ್ದೆಲ್ಲವೂ ಸುಳ್ಳು’ ಎಂಬ ವಾದಕ್ಕೆ ಈ ಘಟನೆಯು ಆಧಾರವೊದಗಿಸಿತು. ಸುಳ್ಳಾದುದು ಡೋಪಮಿನ್ನಿನ ಆ ಒಂದು ವರದಿಯೇ ಹೊರತು ಸೆರೋಟೋನಿನ್ನಿನ ಕುರಿತ ಸಾಕ್ಷ್ಯವಲ್ಲ ಎಂಬ ಭೇದವನ್ನು ಎಣಿಸುವ ತಾಳ್ಮೆ ಎಷ್ಟು ಜನರಿಗಿರುತ್ತದೆ? ಅತಿಯಾದ ಒಂದು ಎಚ್ಚರಿಕೆಯು ನಿಜವಾದ ಹತ್ತು ಎಚ್ಚರಿಕೆಗಳ ಬೆಲೆಯನ್ನು ಕಳೆಯಿತು.

ನಿಜವೆಂದು ಉಳಿದುದೇನು? 2010ರಲ್ಲಿ ಕೆನಡಾದ ಟೊರಾಂಟೊ ನಗರದ ವಿಜ್ಞಾನಿಗಳು 49 ಮಂದಿ ಸೇವಿಸುವವರನ್ನೂ 50 ಮಂದಿ ಸೇವಿಸದವರನ್ನೂ ಹೋಲಿಸಿದರು. ಸೇವಿಸುವವರಲ್ಲಿ ಮಿದುಳಿನ ಹೊರಪದರದಲ್ಲಿಯೂ, ಜ್ಞಾಪಕಶಕ್ತಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ಸಿನಲ್ಲಿಯೂ ಸಾಗಣೆ ಪ್ರೋಟೀನು ಕಡಿಮೆಯಾಗಿತ್ತು. ಮಿದುಳಿನ ಎಲ್ಲ ಭಾಗಗಳಲ್ಲಿ ಅಲ್ಲ. ಅವರ ತಲೆಗೂದಲನ್ನು ಪರೀಕ್ಷಿಸಿದಾಗ ಹಲವರಲ್ಲಿ ಮೆಥಾಂಫೆಟಮಿನ್ ಸಹ ಕಂಡಿತು. ಬೀದಿಯಲ್ಲಿ ಮಾರುವ ಗುಳಿಗೆಗೆ ನಂಬಬಹುದಾದ ಚೀಟಿಯೇ ಇಲ್ಲವಲ್ಲ! ಬಿಟ್ಟು ಬಹುಕಾಲವಾದವರಲ್ಲಿ ಈ ಪ್ರೋಟೀನು ಚೇತರಿಸಿಕೊಳ್ಳುವಂತೆ ಬೇರೆ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಜ್ಞಾಪಕಶಕ್ತಿಯ ಕುಂದು ಅಷ್ಟು ಸುಲಭವಾಗಿ ತುಂಬಿಬಂದಂತೆ ಕಾಣದು. ಪ್ರೋಟೀನು ಕಡಿಮೆಯಾದುದು ತಂತು ಸತ್ತುದರಿಂದಲೋ, ಕೋಶವೇ ತನ್ನ ಉತ್ಪಾದನೆಯನ್ನು ಕುಗ್ಗಿಸಿದುದರಿಂದಲೋ ಎಂಬುದು ಚಿತ್ರದಿಂದಷ್ಟೇ ತಿಳಿಯುವುದಿಲ್ಲ.

ಮನೆಯ ಹಿರಿಯರು ಮಕ್ಕಳಿಗೆ ಹೇಳಬೇಕಾದುದು ಇಷ್ಟನ್ನೇ. ಇದಕ್ಕಿಂತ ಹೆಚ್ಚನ್ನಲ್ಲ, ಕಡಿಮೆಯನ್ನೂ ಅಲ್ಲ. ‘ಒಂದು ಗುಳಿಗೆಯಿಂದ ಹುಚ್ಚನಾಗುವೆ’ ಎಂದರೆ, ನುಂಗಿಯೂ ಮರುದಿನ ಕಾಲೇಜಿಗೆ ಬಂದ ಗೆಳೆಯನನ್ನು ಕಂಡ ಹುಡುಗ ಆ ಮಾತಿನೊಡನೆ ಹಿರಿಯರನ್ನೂ ತಳ್ಳಿಹಾಕುತ್ತಾನೆ. ‘ನಿನ್ನ ನೆನಪಿನ ಶಕ್ತಿಯನ್ನು ಪಣವಾಗಿಡುತ್ತೀಯೆ, ಎಷ್ಟು ಮರಳಿ ಬರುವುದೆಂದು ಯಾರೂ ಖಾತರಿ ಕೊಡಲಾರರು’ ಎಂಬುದು ನಿಜವಾದ ಮಾತು. ಅದರಲ್ಲಿ ಭಯಕ್ಕೆ ಬೇಕಾದಷ್ಟು ಕಾರಣವಿದೆ.

ಶುದ್ಧವಾದ ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದನ್ನು ಕೆರೆದು ಅಳಿಸುವ ಪದ್ಧತಿಯಿಲ್ಲ. ಅದನ್ನು ಕಾಣುವಂತೆಯೇ ಬಿಟ್ಟು, ಸರಿಪಡಿಸುವ ನಮೂದನ್ನು ಹೊಸದಾಗಿ ಬರೆಯಬೇಕು. ಆ ವಿಜ್ಞಾನಿಗಳು ತಡವಾಗಿಯಾದರೂ ಅದನ್ನು ಮಾಡಿದರು. ಮಕ್ಕಳ ಮುಂದೆ ತಪ್ಪು ಹೇಳಿದ ಹಿರಿಯರೂ ಅದನ್ನು ಮಾಡಬಲ್ಲವರಾದರೆ, ಅವರ ಮುಂದಿನ ಎಚ್ಚರಿಕೆಯ ಮಾತಿಗೆ ಬೆಲೆಯಿರುತ್ತದೆ.