ಗುರುವಿನ ಗುರುತು

ಕರಿಹಲಗೆಯ ಮೇಲೆ ನಾನೊಂದು ಅಡ್ಡಗೆರೆ ಎಳೆದೆ. ಹಿಂದಿನ ಬೆಂಚಿನಲ್ಲಿ ಹುಟ್ಟಿದ ನಗು ಮುಂದಿನ ಬೆಂಚಿನವರೆಗೂ ಬಂತು. ವಿಶಾಖಪಟ್ಟಣದ ಒಂದು ಶಾಲೆ, ಒಂಬತ್ತನೇ ತರಗತಿ, ಊಟದ ಬಿಡುವಾದ ಮೇಲಿನ ತೆಲುಗು ಪಾಠ. ಸುಮತಿ ಶತಕದ ಒಂದು ಕಂದಪದ್ಯಕ್ಕೆ ಗಣ ವಿಂಗಡಿಸಲು ಮಾಸ್ಟಾರು ನನ್ನನ್ನು ಕರೆದಿದ್ದರು. ಗುರು ಬಂದಲ್ಲೆಲ್ಲ ಅಡ್ಡಗೆರೆ ಹಾಕಿದೆ, ಲಘು ಬಂದಲ್ಲಿ ಬಟ್ಟಲಿನಂಥ ಗುರುತು. ಮನೆಯಲ್ಲಿ ಅಮ್ಮ ಕಲಿಸಿದ್ದು ಹಾಗೆ. ತೆಲುಗಿನಲ್ಲಿ ಆ ಬಟ್ಟಲೇ ಗುರು, ಲಘುವಿಗೆ ನೆಟ್ಟನೆಯ ಗೀಟು. ಅವರ ಲೆಕ್ಕದಲ್ಲಿ ನಾನು ಲಘುಗಳನ್ನೆಲ್ಲ ಗುರು ಮಾಡಿಬಿಟ್ಟಿದ್ದೆ.

ಮಾಸ್ಟಾರು ನಗಲಿಲ್ಲ. ಯಾರು ಹೇಳಿಕೊಟ್ಟರು ಬಾಬೂ ಎಂದು ಕೇಳಿದರು. ಅಮ್ಮ, ನಮ್ಮದು ಕನ್ನಡ ಎಂದೆ. ಅವರು ಹಲಗೆಯ ನಡುವೆ ಮೇಲಿನಿಂದ ಕೆಳಕ್ಕೆ ಗೆರೆ ಎಳೆದು, ಅದೇ ಪದ್ಯವನ್ನು ಎರಡೂ ಕಡೆ ಬರೆದು, ಎಡಕ್ಕೆ ತೆಲುಗಿನ ಗುರುತು, ಬಲಕ್ಕೆ ಕನ್ನಡದ ಗುರುತು ಹಾಕಿದರು. ಆಮೇಲೆ ಎರಡನ್ನೂ ಒಂದೇ ರಾಗದಲ್ಲಿ ಓದಿದರು. ಗುರುತು ಬದಲಾದರೂ ಪದ್ಯ ಕದಲಲಿಲ್ಲ. ನಕ್ಕವರು ಸುಮ್ಮನಾದರು. ನಾಳೆ ಬರುವಾಗ ಅಮ್ಮನ ಕೈಲಿ ಒಂದು ಕನ್ನಡ ಕಂದ ಬರೆಸಿಕೊಂಡು ಬಾ ಎಂದರು.

ನಮ್ಮದು ಬಳ್ಳಾರಿ ಸೀಮೆ. ಅಪ್ಪನಿಗೆ ವಿಶಾಖಪಟ್ಟಣದ ಬಂದರಿನಲ್ಲಿ ಕೆಲಸ. ಅಮ್ಮ ಅಂದು ರಾತ್ರಿ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಪಂಪನ ಒಂದು ಕಂದವನ್ನು ನೆನಪಿನಿಂದಲೇ ಬರೆದುಕೊಟ್ಟಳು. ಮರುದಿನ ಮಾಸ್ಟಾರು ಆ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ತಲೆಕಟ್ಟು ಬೇರೆಯಾದ ಒಂದೆರಡು ಅಕ್ಷರಗಳ ಹತ್ತಿರ ತಡೆದರು, ಅಷ್ಟೇ. ಎರಡನೇ ಅಕ್ಷರದ ಪ್ರಾಸ ಇದೆ, ನಮ್ಮಲ್ಲಿಯಂತೆ ಯತಿ ಬೇಕಿಲ್ಲ, ಆರನೆಯ ಗಣದ ನಿಯಮ ಮಾತ್ರ ನಮ್ಮದೇ ಎಂದು ಬೆರಳು ಮಡಿಚುತ್ತಾ ಹೋದರು. ಪಠ್ಯಪುಸ್ತಕ ಮೇಜಿನ ಮೇಲೆ ಮುಚ್ಚಿಯೇ ಇತ್ತು. ಕರೀಂನಗರದ ಕಡೆಯ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಹತ್ತನೆಯ ಶತಮಾನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ ಶಾಸನವಿದೆ, ಅದರ ತೆಲುಗು ಪದ್ಯಗಳು ಕಂದಗಳೇ ಎಂದು ನಾನು ಮೊದಲು ಕೇಳಿದ್ದು ಅವರ ಬಾಯಿಂದ. ಪಂಪನ ಹಿರಿಯರು ವೇಂಗಿಯವರು, ವಿಜಯವಾಡಕ್ಕೆ ಹೋಗುವ ರೈಲು ಏಲೂರು ಮುಟ್ಟುತ್ತದಲ್ಲ, ಅದರ ಪಕ್ಕದ್ದೇ ವೇಂಗಿ ಎಂದರು. ಪರೀಕ್ಷೆಯಲ್ಲಿ ಇದಕ್ಕೆ ಅರ್ಧ ಅಂಕವೂ ಇರಲಿಲ್ಲ. ಆದರೆ ಆ ಊರಿನಲ್ಲಿ ನಾನು ಪರದೇಶಿಯೆಂಬ ಅಳುಕು ಹೋದದ್ದು ಆ ಒಂದು ಪೀರಿಯಡ್ಡಿನಲ್ಲಿ. ಅಂದಿನಿಂದ ತೆಲುಗು ನನ್ನ ಮೆಚ್ಚಿನ ವಿಷಯವಾಯಿತು.

ಎರಡನೆಯ ಮೆಚ್ಚಿನ ವಿಷಯ ಭೂಗೋಳ. ಸೋಷಿಯಲ್ ಮಾಸ್ಟಾರು ಭೂಪಟವನ್ನು ಮೊಳೆಗೆ ನೇತುಹಾಕುವ ಮೊದಲೇ ಕಿಟಕಿ ನೋಡಿ ಅನ್ನುತ್ತಿದ್ದರು. ಕಿಟಕಿಯಾಚೆ ಸಮುದ್ರಕ್ಕೆ ಮೂತಿ ಚಾಚಿದ ಡಾಲ್ಫಿನ್ಸ್ ನೋಸ್ ಬೆಟ್ಟ. ಆ ಬೆಟ್ಟದ ಮರೆ ಇದ್ದುದರಿಂದಲೇ ಇಲ್ಲಿ ಬಂದರು ಕಟ್ಟಲು ಸಾಧ್ಯವಾಯಿತು, 1933ರಲ್ಲಿ ಹಡಗು ಒಳಗೆ ಬಂತು, ಅದಕ್ಕೇ ನಿಮ್ಮಪ್ಪ ಇಲ್ಲಿಗೆ ಬಂದರು ಎಂದು ನನ್ನ ಕಡೆ ತಿರುಗುತ್ತಿದ್ದರು. ಭೀಮುನಿಪಟ್ಟಣದ ದಾರಿಯ ಎರ್ರಮಟ್ಟಿ ದಿಬ್ಬಗಳಿಗೆ ಒಮ್ಮೆ ಕರೆದುಕೊಂಡು ಹೋಗಿದ್ದರು. ಸಮುದ್ರದ ಪಕ್ಕದಲ್ಲೇ ಕುಂಕುಮದ ರಾಶಿಯಂಥ ಮರಳು. ಒಂದು ಹಿಡಿ ಎತ್ತಿ ನಮ್ಮ ಅಂಗೈಗಳಿಗೆ ಸುರಿದು, ಇದು ಗಾಳಿ, ನೀರು ಸೇರಿ ಸಾವಿರಾರು ವರ್ಷ ಬರೆದ ಪಾಠ, ಬಣ್ಣ ಕೊಟ್ಟದ್ದು ಕಬ್ಬಿಣ ಎಂದರು. ವಾರಗಟ್ಟಲೆ ನನ್ನ ಚೀಲದ ಮೂಲೆಯಲ್ಲಿ ಆ ಕೆಂಪು ಉಳಿದಿತ್ತು.

ಪಾಠ ಹೇಳುವವರ ಬಗ್ಗೆ ಆ ಊರಿಗೆ ಗೌರವವಿತ್ತು. ಸಿ.ವಿ. ರಾಮನ್ ಹುಡುಗನಾಗಿ ಓದಿದ್ದು ಅಲ್ಲಿ. ಅವರ ತಂದೆ ಅಲ್ಲಿನ ಎ.ವಿ.ಎನ್. ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರದ ಉಪನ್ಯಾಸಕರು. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಸಂಖ್ಯಾಶಾಸ್ತ್ರದ ದೊಡ್ಡ ಹೆಸರಾಗುವ ಮೊದಲು ಗಣಿತ ಕಲಿತದ್ದೂ ಅಲ್ಲೇ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ ಆರಂಭವಾಗಿ, 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಬಂತು. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿ, ಅವರ ನಂತರ ಬಂದ ರಾಧಾಕೃಷ್ಣನ್, ಇಬ್ಬರೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. 1921ರಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ಹುಡುಗರು ಕುದುರೆ ಬಿಚ್ಚಿ, ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದು ಮೈಸೂರಿನ ರೈಲು ನಿಲ್ದಾಣ ಮುಟ್ಟಿಸಿದ ಕಥೆಯನ್ನು ಅಮ್ಮ ಪ್ರತಿ ಸೆಪ್ಟೆಂಬರ್ 5ಕ್ಕೆ ಹೇಳುತ್ತಿದ್ದಳು. ತರ್ಕ, ವೇದಾಂತ ಹೇಳಿಕೊಟ್ಟವರಿಗೆ ಹೆಗಲು ಕೊಟ್ಟ ಹುಡುಗರು ಅವರು.

ಈಗಿನ ಮಕ್ಕಳಿಗೂ ಆ ಹೆಗಲಿದೆ. ಆದರೆ ಅದರ ಮೇಲೆ ಬೇರೆಯೇ ಭಾರವಿದೆ.

ನನ್ನ ತಂಗಿಯನ್ನು ಕೊಟ್ಟದ್ದು ವಿಜಯವಾಡಕ್ಕೆ. ಅವಳ ಮಗಳು ಊರಾಚೆಯ ಒಂದು ರೆಸಿಡೆನ್ಷಿಯಲ್ ಕಾಲೇಜಿನಲ್ಲಿ ಇಂಟರ್ ಓದುತ್ತಾಳೆ. ಕಳೆದ ವರ್ಷ ಭೇಟಿಯ ಭಾನುವಾರ ನೋಡಲು ಹೋದೆ. ಗೇಟಿನ ಒಳಗೆ ಬೇವಿನ ಮರದ ಕೆಳಗೆ ಚಾಪೆ ಹಾಸಿ, ತಂಗಿ ಟಿಫನ್ ಕ್ಯಾರಿಯರ್ ಬಿಚ್ಚಿದಳು. ಸುತ್ತಲೂ ಹತ್ತಾರು ಕುಟುಂಬಗಳು, ಹತ್ತಾರು ಕ್ಯಾರಿಯರ್‌ಗಳು. ಮಗು ಗೋಂಗೂರ ಕಲಸಿದ ಅನ್ನವನ್ನು ಗಬಗಬನೆ ತಿನ್ನುತ್ತಿತ್ತು.

"ನಿನಗೆ ಯಾವ ವಿಷಯ ಇಷ್ಟ ಪುಟ್ಟಿ?"

"ಎಂಪಿಸಿ, ಮಾಮಾ."

"ಅದರಲ್ಲಿ ಯಾವುದು?"

ಅವಳು ತುತ್ತು ನಿಲ್ಲಿಸಿ ನನ್ನ ಮುಖ ನೋಡಿದಳು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರನ್ನೂ ಒಟ್ಟಿಗೆ ಕಟ್ಟಿಕೊಟ್ಟ ಮೇಲೆ ಬಿಡಿಬಿಡಿಯಾಗಿ ಇಷ್ಟಪಡಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸೆಕೆಂಡ್ ಲ್ಯಾಂಗ್ವೇಜ್ ಏನು ಎಂದೆ. ಸಂಸ್ಕೃತ, ಅದರಲ್ಲಿ ಮಾರ್ಕ್ಸ್ ಬೀಳುತ್ತೆ ಎಂದಳು. ತೆಲುಗು? ಹತ್ತನೇ ಕ್ಲಾಸಿಗೇ ಮುಗಿಯಿತು. ನಿನ್ನ ಮೆಚ್ಚಿನ ಮಾಸ್ಟಾರು ಯಾರು ಎಂದು ಕೇಳಿದ್ದಕ್ಕೆ, "ಫಿಸಿಕ್ಸ್ ಸಾರ್ ಚೆನ್ನಾಗಿ ಹೇಳ್ತಿದ್ರು, ದಸರಾ ಆದ ಮೇಲೆ ಬೇರೆಯವರು ಬಂದ್ರು" ಎಂದಳು. ಹೆಸರು ಅವಳಿಗೆ ಗೊತ್ತಿರಲಿಲ್ಲ.

ನಾನು ಆ ಕಾಲೇಜುಗಳನ್ನು ಶಪಿಸಲಾರೆ. ಎಂಸೆಟ್ ಬಂದ ಮೇಲೆ ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ದಾರಿ ಆ ಪರೀಕ್ಷೆಯೇ ಆಯಿತು. ಕೃಷ್ಣೆಯ ಕಾಲುವೆ ಕೊನೆಯ ಹಳ್ಳಿಯ ರೈತನೂ ಆ ದಾರಿ ಹಿಡಿದು ಮಗನನ್ನು ಓದಿಸಿದ. ನನ್ನ ತಂಗಿಯ ಭಯವೂ ಸುಳ್ಳಲ್ಲ. ಒಂದು ರ‍್ಯಾಂಕ್ ತಪ್ಪಿದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ನನ್ನ ಸಂಕಟ ಬೇರೆ. ಪಾಠ ಬಿಟ್ಟು ಕುರಿಕ್ಯಾಲದ ಬಂಡೆಗೆ ಹೋಗಿಬರುವಷ್ಟು ಬಿಡುವು ಮೇಷ್ಟ್ರಿಗೆ ಉಳಿದಿಲ್ಲ. ಸಿಲಬಸ್ ಮುಗಿಸಿ ಮತ್ತೆ ಮೊದಲಿನಿಂದ ರಿವಿಷನ್ ಮಾಡಿಸುವವರು ಹಲಗೆಯ ನಡುವೆ ಗೆರೆ ಎಳೆದು, ತಪ್ಪು ಮಾಡಿದ ಹುಡುಗನ ಅಮ್ಮನ ಪಾಠಕ್ಕೂ ಅರ್ಧ ಜಾಗ ಕೊಡುವುದು ಯಾವಾಗ? ಮಕ್ಕಳು ಮೇಷ್ಟ್ರನ್ನು ಮರೆಯುತ್ತಿದ್ದಾರೆ ಎನ್ನುತ್ತೇವೆ. ನೆನಪಿನಲ್ಲಿ ಉಳಿಯಲು ಮೇಷ್ಟ್ರಿಗೆ ನಾವು ಪುರುಸೊತ್ತೇ ಕೊಟ್ಟಿಲ್ಲ. ಛಂದಸ್ಸಿನಲ್ಲಿ ಗುರುವಿಗೆ ಎರಡು ಮಾತ್ರೆಯ ಕಾಲ ಬೇಕು. ಅದನ್ನು ಒಂದಕ್ಕೆ ಮೊಟಕುಗೊಳಿಸಿದರೆ ಉಳಿಯುವುದು ಲಘು.

ಕ್ಯಾರಿಯರ್ ತೊಳೆಯಲು ತಂಗಿ ನಲ್ಲಿಯ ಕಡೆ ಹೋದಳು. ಮಗುವಿನ ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಡುವೆ ಗೆರೆ ಎಳೆದೆ. ಎಡಕ್ಕೆ ಬಟ್ಟಲು, ಬಲಕ್ಕೆ ಅಡ್ಡಗೆರೆ. ಎರಡೂ ಗುರುವೇ ಎಂದೆ. ಅವಳ ಅಜ್ಜಿ ಬರೆದುಕೊಟ್ಟಿದ್ದ ಅದೇ ಕಂದವನ್ನು ಮೆಲ್ಲಗೆ ಓದಿದೆ.

"ಇದು ಎಕ್ಸಾಮಿಗೆ ಬರುತ್ತಾ ಮಾಮಾ?"

"ಇಲ್ಲ ಪುಟ್ಟಿ."

ಆದರೂ ಅವಳು ಎಂಜಲು ಕೈಯನ್ನು ಹಿಂದಕ್ಕಿಟ್ಟು, ಇನ್ನೊಂದು ಕೈಯ ಬೆರಳು ಮಡಿಚಿ ಎಣಿಸತೊಡಗಿದಳು. ಒಂದು, ಎರಡು, ಮೂರು, ನಾಲ್ಕು. ಮೊದಲ ಗಣ ಸರಿಯಾಗಿ ಬಂತು. ಅವಳ ಮುಖದಲ್ಲಿ ಆ ದಿನದ ಮೊದಲ ನಗು ಕಂಡಿತು. ಅಷ್ಟರಲ್ಲಿ ಸ್ಟಡಿ ಅವರ್‌ನ ಗಂಟೆ ಹೊಡೆಯಿತು. ನೋಟ್‌ಬುಕ್ ಎದೆಗೊತ್ತಿಕೊಂಡು ಓಡಿದಳು. ಎರಡನೆಯ ಗಣಕ್ಕೆ ನಾವು ಹೋಗಲೇ ಇಲ್ಲ.