ಕಾಲು ಗಳಿಗೆಯ ಬಾಡಿಗೆ

ಶುಕ್ರವಾರ ಸಂಜೆ ನಾಲ್ಕಾದರೆ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಒಂದು ವಿಶೇಷ ಬಗೆಯ ಸಾಹಿತ್ಯ ಸೃಷ್ಟಿಯಾಗುತ್ತದೆ. ಅದರ ಹೆಸರು ಟೈಮ್‌ಶೀಟ್. ಸೋಮವಾರ ಏನು ಮಾಡಿದೆವೆಂಬುದು ಪೂರ್ತಿ ಮರೆತುಹೋದ ಹೊತ್ತಿಗೆ ಸರಿಯಾಗಿ, ಸೋಮವಾರ ಏನು ಮಾಡಿದಿರಿ ಎಂದು ಕೇಳುವ ಇಮೇಲ್ ಬರುತ್ತದೆ. ತುಂಬದವರ ಹೆಸರು ಡಿಫಾಲ್ಟರ್ ಪಟ್ಟಿಯಲ್ಲಿ ಮ್ಯಾನೇಜರಿಗೆ ಹೋಗುತ್ತದೆ. ಬ್ಯಾಂಕಿನ ಸಾಲ ನುಂಗಿದ ದೊಡ್ಡ ಮನುಷ್ಯರ ಸಾಲಿನಲ್ಲಿ ನಿಂತ ಹೆಮ್ಮೆ ಬೇರೆ. ಆಗ ನಾವೆಲ್ಲ ಕಾದಂಬರಿಕಾರರಾಗುತ್ತಿದ್ದೆವು. ಡಿಸೈನ್ ಮೂರು ಗಂಟೆ, ಕೋಡಿಂಗ್ ನಾಲ್ಕು, ಮೀಟಿಂಗ್ ಒಂದು, ಒಟ್ಟು ಎಂಟು. ಮನುಷ್ಯನ ದಿನ ಇಷ್ಟು ಚೊಕ್ಕವಾಗಿ ಕೂಡಿಬರುವುದು ಟೈಮ್‌ಶೀಟಿನಲ್ಲಿ ಮಾತ್ರ.

ಅದರಲ್ಲಿ ಎಲ್ಲದಕ್ಕೂ ಒಂದು ಕೋಡ್ ಇತ್ತು. ತರಬೇತಿಗೆ ಇತ್ತು, ರಜೆಗೆ ಇತ್ತು, ಕರೆಂಟ್ ಹೋದದ್ದಕ್ಕೂ ಇತ್ತು. ಯೋಚನೆಗೆ ಮಾತ್ರ ಇರಲಿಲ್ಲ. ಎರಡು ದಿನ ಕಾಡಿಸಿದ ಸಮಸ್ಯೆಗೆ ಉತ್ತರ ಹೊಳೆಯುವುದು ಬಚ್ಚಲಿನಲ್ಲಿ, ತಲೆಯ ಮೇಲೆ ಎರಡನೇ ಚೊಂಬು ನೀರು ಬೀಳುವಾಗ. ಅದನ್ನು ಯಾರ ಲೆಕ್ಕಕ್ಕೆ ಬರೆಯುವುದು? ಬರೆದರೆ, ಅಮೆರಿಕದ ಯಾವುದೋ ವಿಮಾ ಕಂಪನಿ ನನ್ನ ಸ್ನಾನಕ್ಕೆ ಡಾಲರ್ ಕೊಟ್ಟಂತಾಗುತ್ತದೆ. ಬರೆಯದಿದ್ದರೆ, ಅವರಿಗೆ ಉಪಯೋಗಕ್ಕೆ ಬಂದ ಐದು ನಿಮಿಷ ಪುಕ್ಕಟೆ, ಬಾರದ ಎರಡು ದಿನಕ್ಕೆ ಪೂರ್ತಿ ಬಿಲ್ಲು.

ಈ ಕಲೆಯಲ್ಲಿ ನಮಗಿಂತ ಹಿರಿಯರು ಅಮೆರಿಕದ ವಕೀಲರು. ಅವರಲ್ಲಿ ಆದಿಪುರುಷನೆಂದು ಹೇಳುವುದು ಬಾಸ್ಟನ್ನಿನ ರೆಜಿನಾಲ್ಡ್ ಹೀಬರ್ ಸ್ಮಿತ್ ಅವರನ್ನು. ತಮಾಷೆಯೆಂದರೆ ಆತ ದುಡ್ಡಿನ ಮನುಷ್ಯನೇ ಅಲ್ಲ. ಬಡವರಿಗೆ ಪುಕ್ಕಟೆ ವಕೀಲರನ್ನು ಒದಗಿಸುವ ಸಂಸ್ಥೆ ನಡೆಸಿದವರು, 1919ರಲ್ಲಿ 'ಜಸ್ಟಿಸ್ ಅಂಡ್ ದ ಪೂರ್' ಎಂಬ ಪುಸ್ತಕ ಬರೆದವರು. ಒಂದೊಂದು ಕೆಲಸಕ್ಕೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂದು ತಿಳಿಯಲು ವಕೀಲರ ಹೊತ್ತಿನ ಲೆಕ್ಕ ಇಡಿಸಿದರು, ಗಂಟೆಯನ್ನು ಹತ್ತು ಹೋಳು ಮಾಡಿದರು. ಹೋಳಿಗೆ ಆರು ನಿಮಿಷ. ಕಚೇರಿಯೊಳಗಿನ ಖರ್ಚಿನ ಲೆಕ್ಕವಾಗಿದ್ದದ್ದು ಕಾಲಕ್ರಮೇಣ ಕಕ್ಷಿದಾರನ ಬಿಲ್ಲಿಗೆ ಏರಿ ಕೂತಿತು.

ನಮ್ಮ ಪಂಚಾಂಗದಲ್ಲಿ ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ಅಂದರೆ ಅಮೆರಿಕದ ವಕೀಲ ಮಾರುತ್ತಿರುವುದು ಅಚ್ಚುಕಟ್ಟಾಗಿ ಕಾಲು ಗಳಿಗೆ. ನಮ್ಮಜ್ಜಿ ಅದನ್ನು ಹೊತ್ತೆಂದೇ ಎಣಿಸುತ್ತಿರಲಿಲ್ಲ. ಅವಳು "ಒಂದು ಗಳಿಗೆ ಕೂತ್ಕೋ" ಅಂದರೆ ಊಟ ಮುಗಿಸಿಯೇ ಏಳಬೇಕಿತ್ತು.

1958ರಲ್ಲಿ ಅಮೆರಿಕದ ವಕೀಲರ ಸಂಘದ ಕಿರುಹೊತ್ತಗೆಯೊಂದು, ಡಾಕ್ಟರುಗಳೂ ದಂತವೈದ್ಯರೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದಾರೆ, ಎಲ್ಲರೂ ಹೊತ್ತಿನ ಲೆಕ್ಕ ಇಡಿ ಎಂದು ಬುದ್ಧಿ ಹೇಳಿತು. ವರ್ಷಕ್ಕೆ 1,300 ಗಂಟೆ ಬಿಲ್ಲು ಮಾಡಿದರೆ ಸಾಕೆಂದಿತ್ತು ಪಾಪ. ಇವತ್ತು ದೊಡ್ಡ ಕಚೇರಿಗಳಲ್ಲಿ 1,900, 2,000 ಗಂಟೆ ಕೇಳುತ್ತಾರೆ, ಅದೂ ಊಟ, ಹರಟೆ, ಬಚ್ಚಲು ಎಲ್ಲ ಕಳೆದು.

ಹಾಗಂತ ಕೆಲಸಕ್ಕೆ ಇಷ್ಟು ಎಂದು ದರ ಕಟ್ಟುತ್ತಿದ್ದ ಹಳೆಯ ಪದ್ಧತಿ ಸತ್ಯಯುಗವೇನೂ ಆಗಿರಲಿಲ್ಲ. ವರ್ಜೀನಿಯಾದ ಗೋಲ್ಡ್‌ಫಾರ್ಬ್ ದಂಪತಿ ಮನೆ ಕೊಳ್ಳಲು ಹೊರಟು, ಪತ್ರಗಳನ್ನು ನೋಡಿಕೊಡಲು ಎಷ್ಟು ತಗೊಳ್ಳುತ್ತೀರಿ ಎಂದು 36 ವಕೀಲರಿಗೆ ಬರೆದರು. ಉತ್ತರ ಕೊಟ್ಟವರು 19 ಮಂದಿ. ಸ್ಥಳೀಯ ವಕೀಲರ ಸಂಘ ಗೊತ್ತುಮಾಡಿದ್ದ ದರಕ್ಕಿಂತ ಒಂದು ಕಾಸು ಕಡಿಮೆ ಹೇಳಿದವರು ಯಾರೂ ಇಲ್ಲ. ಇದು ಒಳಒಪ್ಪಂದದ ಬೆಲೆ, ಕಾನೂನಿಗೆ ವಿರುದ್ಧ ಎಂದು 1975ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ದರಪಟ್ಟಿ ಹರಿದುಹೋಯಿತು, ಆ ಜಾಗದಲ್ಲಿ ಗಡಿಯಾರ ಕೂತಿತು. ಗೋಲ್ಡ್‌ಫಾರ್ಬ್ ದಂಪತಿಗೆ ಇದು ಬೇಕಾಗಿತ್ತೋ ಇಲ್ಲವೋ.

ನಮ್ಮ ತಾಲ್ಲೂಕಿನ ವಕೀಲರು ಗಡಿಯಾರ ನೋಡಿದವರಲ್ಲ. ವಾಯಿದೆಗೆ ಇಷ್ಟು ಎಂದು ಫೀಸು. ಹಾಗಾಗಿ ವಾಯಿದೆಗಳು ಬರುತ್ತಲೇ ಇದ್ದವು. ಅಪ್ಪ ಹಾಕಿದ ದಾವೆಗೆ ಮಗ ಓಡಾಡುತ್ತಿದ್ದ. ಆದರೂ ಅವರ ಜಗಲಿಯ ಮೇಲೆ ಕೂತು ಅರ್ಧ ಮಧ್ಯಾಹ್ನ ಸಂಸಾರದ ಗೋಳು ಹೇಳಿಕೊಳ್ಳಬಹುದಿತ್ತು. ಅವರು ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡು, "ಕೋರ್ಟು ಬೇಡ, ತಮ್ಮನ ಹತ್ರ ಹೋಗಿ ಮಾತಾಡು" ಅನ್ನುತ್ತಿದ್ದರು. ಅದಕ್ಕೆ ಬಿಲ್ಲಿಲ್ಲ. ಆರು ನಿಮಿಷದ ಲೆಕ್ಕದಲ್ಲಿ ಆ ಕಕ್ಷಿದಾರ ಗೋಳಿನ ಪೀಠಿಕೆಯಲ್ಲೇ ದಿವಾಳಿಯಾಗುತ್ತಿದ್ದ. ತಮ್ಮನ ಸುದ್ದಿ ಹೊರಗೆ ಬರುವುದರೊಳಗೆ ಬಾಯಿ ಮುಚ್ಚಿಕೊಂಡು ಎದ್ದುಹೋಗುತ್ತಿದ್ದ.

ನಮ್ಮ ತಂಡದಲ್ಲಿ ಒಬ್ಬರು ಹಿರಿಯ ಮೇಡಂ ಇದ್ದರು. ಹಳೆಯ ಮೇನ್‌ಫ್ರೇಮ್ ಪ್ರೋಗ್ರಾಮುಗಳ ನಾಡಿ ಬಲ್ಲವರು. ಒಂದು ರಾತ್ರಿ ಗ್ರಾಹಕರ ಬಿಲ್ಲಿಂಗ್ ವ್ಯವಸ್ಥೆಯೇ ಮಲಗಿತು. ನಾಲ್ಕು ಹುಡುಗರು ರಾತ್ರಿಯಿಡೀ ಪಿಜ್ಜಾ ತರಿಸಿಕೊಂಡು ಹುಡುಕಿದರು. ಮೇಡಂ ಬೆಳಿಗ್ಗೆ ಬಂದರು, ಬ್ಯಾಗನ್ನು ಕುರ್ಚಿಗೆ ತಗುಲಿಸಿದರು, ಪರದೆಯನ್ನು ಸುಮ್ಮನೆ ನೋಡಿದರು, ಒಂದು ಸಾಲು ಬದಲಿಸಿದರು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಆಮೇಲೆ ಕಾಫಿಗೆ ಹೋದರು. ಹುಡುಗರ ರಾತ್ರಿಯೆಲ್ಲ ಬಿಲ್ಲಾಯಿತು, ಮೆಚ್ಚುಗೆಯ ಇಮೇಲೂ ಬಂತು. ಮೇಡಂ ಪ್ರಾಮಾಣಿಕವಾಗಿ ಆ ಕೆಲಸಕ್ಕೆ ಕಾಲು ಗಂಟೆ ಎಂದು ಬರೆದದ್ದಕ್ಕೆ, "ಉಳಿದ ಏಳೂಮುಕ್ಕಾಲು ಗಂಟೆ ಎಲ್ಲಿ?" ಎಂದು ಟಿಪ್ಪಣಿ ಬಂತು. "ಇಪ್ಪತ್ತು ವರ್ಷ ಹಿಂದೆ ಕಲಿಯುವಾಗ ಖರ್ಚಾಯ್ತು, ಅದಕ್ಕೆ ಯಾವ ಕೋಡು ಹಾಕಲಿ?" ಎಂದು ಅವರು ತಿರುಗಿ ಬರೆದರು. ಉತ್ತರ ಬರಲಿಲ್ಲ. ಆ ವರ್ಷ ಅವರ ಯುಟಿಲೈಸೇಶನ್, ಅಂದರೆ ಬಿಲ್ಲಾದ ಗಂಟೆ, ಕಡಿಮೆಯೆಂದು ರೇಟಿಂಗ್ ಒಂದು ಮೆಟ್ಟಿಲು ಇಳಿಯಿತು. ಕೆಲಸ ಬೇಗ ಮುಗಿಸುವವರು ಕಂಪನಿಗೆ ನಷ್ಟ ಎಂಬುದನ್ನು ಅಷ್ಟು ನೀಟಾಗಿ ಇನ್ಯಾರೂ ನಮಗೆ ಕಲಿಸಿರಲಿಲ್ಲ.

ಈಗ ಎಐ ಬಂದು ಎರಡು ದಿನದ ಕೋಡನ್ನು ನಾವು ಕಾಫಿ ಕುಡಿಯುವುದರೊಳಗೆ ಬರೆದುಕೊಡುತ್ತಿದೆಯಂತೆ. ಗ್ರಾಹಕರು, ಹಾಗಾದರೆ ಎರಡು ದಿನದ ದುಡ್ಡು ಯಾಕೆ ಎನ್ನುತ್ತಿದ್ದಾರಂತೆ. ಮೊನ್ನೆ ಸಿಕ್ಕ ಹಳೆಯ ಮ್ಯಾನೇಜರೊಬ್ಬರು, ಎಷ್ಟು ಗಂಟೆ ಎನ್ನುವುದು ಮುಖ್ಯವಲ್ಲ, ಫಲಿತಾಂಶಕ್ಕೆ ಬೆಲೆ ಕಟ್ಟಬೇಕು ಎಂದು ನನಗೆ ತುಂಬ ಹೊತ್ತು ವಿವರಿಸಿದರು. ಹೊಸ ಯುಗದ ಹೊಸ ವಿಚಾರವಂತೆ. ಮೇಡಂ ಫೋನ್ ನಂಬರ್ ನಿಮ್ಮ ಹತ್ತಿರ ಇದೆಯಾ ಎಂದು ಕೇಳಿದೆ. ಯಾವ ಮೇಡಂ ಎಂದರು.